ಬೀಸುವ ಹಾಡಿನ ಧಾಟಿಯೂ ಸ್ವರಲೇಖನವೂ

೧

ಕನ್ನಡದ ಜನಪದ ಗೀತೆಗಳನ್ನು ಕಲೆಹಾಕಿ ಅಚ್ಚಿಗೆ ತರುವ ಕಾರ್ಯ ಆರಂಭವಾಗಿ ನೂರೈವತ್ತು ವರ್ಷಗಳು ಸಂದುವು. ೧೮೭೧ರಲ್ಲಿ ಚಾರ್ಲ್ಸ್ ಗೋವರ್ ಎಂಬವರು ದಕ್ಷಿಣ ಭಾರತದ ಜನಪದ ಗೀತೆಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಕನ್ನಡ ನಾಡಿನ ಹಾಡುಗಳನ್ನೂ ನೀಲಗಿರಿಯ ಬಡಗರ ಹಾಡುಗಳನ್ನೂ ಇಂಗ್ಲಿಷ್ ಪದ್ಯಗಳಾಗಿ ತಂದರು. ೧೮೮೦ರ ದಶಕದಲ್ಲಿ ಶಾಸನತಜ್ಞ ಫ್ಲೀಟರು ನಮ್ಮ ಲಾವಣಿಗಳನ್ನು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ, ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿ ಇಂಥ ಕಾವ್ಯವಿದೆಯೆ ಎಂದು ಓದುಬರಹ ಬಲ್ಲ ನಾಡು ಬೆರಗಾಯಿತು. ಈ ಮಹನೀಯರ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಮೆಯೇ.

ಆದರೆ ಒಂದು ಮಾತನ್ನು ಹೇಳಲೇಬೇಕಾಗಿದೆ. ಇಂಥ ಸಂಗ್ರಹಗಳಿಂದ ನಮಗೆ ದೊರೆತುದು ಬಹುಮಟ್ಟಿಗೆ ಹಾಡಿನ ಮಾತು, ಅದರ ಧಾಟಿಯಲ್ಲ. ಆ ಕಾಲದವರಿಗೆ ಧಾಟಿಯನ್ನು ಬರೆದಿಡಬೇಕೆಂಬ ಚಿಂತೆ ಹುಟ್ಟದಿದ್ದುದು ಸಹಜವೇ. ಪುಸ್ತಕವನ್ನು ಓದುವವನ ಮನೆಯಲ್ಲಿಯೇ ಅವನ ತಾಯಿ ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಹಾಡುತ್ತಿದ್ದಳು. ಮಾತು ಪುಸ್ತಕದಲ್ಲಿತ್ತು, ಧಾಟಿ ಕಿವಿಯಲ್ಲಿತ್ತು. ಊರೂರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಹಿತ್ತಲು ಸೇರಿತು. ಕಲ್ಲಿನ ಜೊತೆಗೆ ಧಾಟಿಯೂ ಹಿತ್ತಲು ಸೇರಿತು. ಇಂದು 'ಗರತಿಯ ಹಾಡ'ನ್ನು ತೆರೆದ ವಿದ್ಯಾರ್ಥಿ ಅದನ್ನು ಓದುತ್ತಾನೆಯೇ ಹೊರತು ಹಾಡಲಾರ.

ಈ ಕೊರತೆಯನ್ನು ತುಂಬಬೇಕೆಂಬ ಉತ್ಸಾಹ ಈಚಿನ ವರ್ಷಗಳಲ್ಲಿ ನಮ್ಮ ಅಧ್ಯಾಪಕ ಬಂಧುಗಳಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಮುದುಕಿಯರ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾರೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತು ಸ್ವರ ಹಾಕುತ್ತಾರೆ. ಹಾಳೆಯನ್ನು ವಾಟ್ಸ್ಆ್ಯಪಿನಲ್ಲಿಯೂ ಹಾಡಿದ ತುಣುಕನ್ನು ಯೂಟ್ಯೂಬಿನಲ್ಲಿಯೂ ಹಾಕುತ್ತಾರೆ. ಅಕ್ಕಲಕೋಟೆಯ ಧಾಟಿ ಅದೇ ಸಂಜೆ ಕಾಸರಗೋಡಿನ ಮಕ್ಕಳ ಬಾಯಿಗೆ ಬರುತ್ತದೆ. ಆದರೆ ಹೀಗೆ ಹರಡುತ್ತಿರುವುದು ಹಾಡಿದವಳು ಹಾಡಿದ ಧಾಟಿಯೇ ಹೌದೆ? ಅಲ್ಲವಾದರೆ, ಎಲ್ಲಿ ಅಲ್ಲ, ಯಾರು ಬದಲಿಸಿದರು ಎಂಬುದು ಕಲಿಯುವವನಿಗೆ ತಿಳಿಯುವ ದಾರಿಯಿದೆಯೆ? ಈ ಎರಡು ಪ್ರಶ್ನೆಗಳನ್ನು ವಿಚಾರಕ್ಕೆ ತೆಗೆದುಕೊಳ್ಳುವುದೇ ಈ ಲೇಖನದ ಉದ್ದೇಶ.

೨

ಇನ್ನೊಬ್ಬರ ತಪ್ಪನ್ನು ಎತ್ತಿ ಆಡುವ ಮುನ್ನ ನನ್ನದನ್ನು ಒಪ್ಪಿಸಿಬಿಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಆಯಿಯೊಬ್ಬರಿಂದ ಒಂದು ಬೀಸುವ ಹಾಡನ್ನು ಕೇಳಿದೆ. ಜಗಲಿಯ ಮೇಲೆ ಕುಳಿತು ಅವರು ಹಾಡಿದರು; ನಾನು ಮುದ್ರಿಸಿಕೊಂಡೆ. ಮನೆಗೆ ಬಂದು ಹಾರ್ಮೋನಿಯಮ್ಮಿನ ಮೇಲೆ ಹಿಡಿದು ನೋಡಿದಾಗ ಗಾಂಧಾರವೂ ನಿಷಾದವೂ ಕೋಮಲದ ಕಡೆಗೆ ವಾಲಿದಂತೆ ತೋರಿತು. 'ಇದು ಭೀಮಪಲಾಸದ ಛಾಯೆ' ಎಂದು ತೀರ್ಮಾನಿಸಿದೆ. ಆ ತೀರ್ಮಾನ ಆದ ಮೇಲೆ, ಭೀಮಪಲಾಸಕ್ಕೆ ಹೊಂದದ ಒಂದೆರಡು ಸ್ವರಗಳು ಆಯಿಯ ದೌರ್ಬಲ್ಯವೆಂದು ಕಂಡುವು, ಅವನ್ನು ತಿದ್ದಿದೆ. ಸಾಲಿನ ನಡುವೆ ಅವರು ಅಲ್ಲಲ್ಲಿ ನಿಲ್ಲುತ್ತಿದ್ದರು. ವಯಸ್ಸಾದವರು, ಉಸಿರು ಸಾಲದೆಂದು ಬಗೆದು ಆ ನಿಲುಗಡೆಗಳನ್ನು ಕಿತ್ತು, ಆರು ಮಾತ್ರೆಯ ದಾದರಾ ತಾಲದಲ್ಲಿ ಹಾಡನ್ನು ಅಚ್ಚುಕಟ್ಟಾಗಿ ಕೂರಿಸಿದೆ. ಹಾಳೆಯ ತಲೆಯ ಮೇಲೆ 'ಬೀಸುವ ಹಾಡು, ಸಾಂಪ್ರದಾಯಿಕ ಧಾಟಿ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ, ಪರಿಚಿತ ಅಧ್ಯಾಪಕರಿಗೆಲ್ಲ ಕಳುಹಿಸಿದೆ.

ಮರುವರ್ಷ ನಾಡಹಬ್ಬದ ಸಮಾರಂಭದಲ್ಲಿ ಹುಡುಗಿಯರು ಆ ಹಾಡನ್ನು ಹಾಡಿದರು. ಆಯಿಯನ್ನು ಮುಂದಿನ ಸಾಲಿನಲ್ಲಿಯೇ ಕೂಡಿಸಿದ್ದೆವು. ಚಪ್ಪಾಳೆ ಜೋರಾಗಿಯೇ ಬಂತು. ಮುಗಿದ ಮೇಲೆ ಹೋಗಿ 'ಹೆಂಗಾತು ಆಯಿ?' ಎಂದು ಕೇಳಿದೆ.

'ಛಲೋ ಹಾಡ್ಯಾವ ಹುಡಿಗ್ಯಾರು' ಎಂದರು. ಸ್ವಲ್ಪ ತಡೆದು, 'ಖರೇ ಮಾಸ್ತರ್ರ, ಇದರಾಗ ಕಲ್ಲು ತಿರಗೂದಿಲ್ಲ' ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಬಿಡಲಿಲ್ಲ. ಮುಂದೆ ನಾನು ಓದಿದ್ದು ಕೇಳಿದ್ದು ಎಲ್ಲ ಆ ಮಾತಿನ ಅರ್ಥವನ್ನು ತಿಳಿಯುವುದಕ್ಕಾಗಿಯೇ ಎಂದರೆ ತಪ್ಪಾಗದು.

೩

ಬೀಸುವ ಹಾಡಿನ ಮುಖ್ಯ ಛಂದಸ್ಸು ತ್ರಿಪದಿ. ಕ್ರಿ.ಶ. ೭೦೦ರ ಸುಮಾರಿನದೆಂದು ಹೇಳುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಕಾಣಸಿಗುತ್ತದೆ. ಲಕ್ಷಣವನ್ನು ನಾವೆಲ್ಲ ತರಗತಿಯಲ್ಲಿ ಪಾಠ ಹೇಳಿದವರೇ: ಮೂರು ಸಾಲು, ಮೊದಲೆರಡರಲ್ಲಿ ನಾಲ್ಕು ನಾಲ್ಕು ಗಣ, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದರಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಆದರೆ ಹಾಡುವಾಗ ಆಗುವುದೇನು? ಎರಡನೆಯ ಸಾಲು ಮುಗಿದ ಮೇಲೆ ಅದನ್ನು ಅಥವಾ ಅದರ ಒಂದು ಭಾಗವನ್ನು ಮತ್ತೆ ಎತ್ತಿಕೊಂಡು ಮೂರನೆಯ ಸಾಲಿಗೆ ಹೋಗುವುದು ವಾಡಿಕೆ. ಕಣ್ಣಿಗೆ ಮೂರಾಗಿರುವ ಸಾಲು ಕಿವಿಗೆ ನಾಲ್ಕಾಗುತ್ತದೆ. ತ್ರಿಪದಿಯಿಂದ ಸಾಂಗತ್ಯ ಹುಟ್ಟಿರಬೇಕೆಂದು ವಿದ್ವಾಂಸರು ಊಹಿಸಿರುವುದು ಈ ಪುನರಾವೃತ್ತಿಯ ಆಧಾರದ ಮೇಲೆಯೇ. ಅಚ್ಚಿನ ಪುಸ್ತಕದಲ್ಲಿ ಈ ಮರಳುವಿಕೆ ಕಾಣುವುದಿಲ್ಲ. ಕಾಗದ ಉಳಿಸಲು ಒಮ್ಮೆ ಮಾತ್ರ ಅಚ್ಚುಹಾಕುತ್ತಾರೆ. ಪುಸ್ತಕವನ್ನು ಮುಂದಿಟ್ಟುಕೊಂಡು ಸ್ವರ ಹಾಕುವವನು ಮೂರೇ ಸಾಲಿಗೆ ಧಾಟಿ ಹೊಂದಿಸುತ್ತಾನೆ. ಹಾಡಿನ ನಾಲ್ಕನೆಯ ಒಂದು ಪಾಲು ಅಲ್ಲಿಗೆ ಹೋಯಿತು.

ಎರಡನೆಯದು ಅಂಶಗಣದ ಗುಣ. ಇಲ್ಲಿ ಲೆಕ್ಕ ಮಾತ್ರೆಯದಲ್ಲ, ಅಂಶದ್ದು. ಬ್ರಹ್ಮಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು. ಅಂಶವನ್ನು ಹಿಗ್ಗಿಸುವ ಕುಗ್ಗಿಸುವ ಸ್ವಾತಂತ್ರ್ಯ ಹಾಡುವವಳದು. ಅದನ್ನು ಕಟ್ಟುನಿಟ್ಟಾದ ಮಾತ್ರೆಯ ಮನೆಗಳಲ್ಲಿ ಕೂರಿಸಿದರೆ ಅಂಶಛಂದಸ್ಸು ಮಾತ್ರಾಛಂದಸ್ಸಾಗಿಬಿಡುತ್ತದೆ. ನನ್ನ ದಾದರಾ ಮಾಡಿದ್ದು ಇದನ್ನೇ.

ಮೂರನೆಯದು ಕೆಲಸದ ಲಯ. ಬೀಸುವವಳ ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಾಳಿನ ಮೇಲೆ. ಒಂದಷ್ಟು ಸುತ್ತು ತಿರುಗಿದ ಮೇಲೆ ಕಲ್ಲಿನ ಬಾಯಿಗೆ ಮುಕ್ಕು ಹಾಕಬೇಕು. ನಾನು ಉಸಿರು ಸಾಲದ ನಿಲುಗಡೆಯೆಂದು ಕಿತ್ತುಹಾಕಿದ್ದು ಈ ಮುಕ್ಕಿನ ಜಾಗವನ್ನು. ಜಗಲಿಯ ಮೇಲೆ ಕಲ್ಲೇ ಇಲ್ಲದೆ ಕುಳಿತಿದ್ದಾಗಲೂ ಆಯಿಯ ಹಾಡು ಆ ಜಾಗವನ್ನು ಬಿಟ್ಟುಕೊಂಡೇ ನಡೆದಿತ್ತು. ಕೆಲಸ ಬಿಟ್ಟು ವರ್ಷಗಳಾದರೂ ಹಾಡು ಕೆಲಸವನ್ನು ನೆನಪಿಟ್ಟುಕೊಂಡಿತ್ತು. ಅದನ್ನು ಅಳಿಸಿದವನು ಓದು ಬಲ್ಲ ನಾನು.

ಈ ಸಂಬಂಧ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೩೦ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿಯನ್ನು ಹಾಡುವರೆಂಬ ಮಾತು ಬಂದಿದೆ. ಒಂದೇ ಒಕ್ಕಣ್ಣಿನ ಕಲ್ಲಿನ ಎದುರುಬದುರು ಕುಳಿತು ಒಬ್ಬಳು ಕನ್ನಡದ ತ್ರಿಪದಿಯನ್ನೂ ಇನ್ನೊಬ್ಬಳು ಮರಾಠಿಯ ಓವಿಯನ್ನೂ ಹೇಳಬಲ್ಲ ನಮ್ಮ ಗಡಿಯ ಊರುಗಳಲ್ಲಿ, ಹಾಡಿಗೂ ಕೆಲಸಕ್ಕೂ ಇರುವ ನಂಟು ಎಂಟುನೂರು ವರ್ಷಕ್ಕೂ ಹಳೆಯದು. ಸ್ವರಲೇಖಕನು ಇದನ್ನು ಅರಿಯದೆ ಲೇಖನಿ ಹಿಡಿಯಬಾರದು.

೪

ಇನ್ನು ಸ್ವರದ ಮಾತು. ಹಾರ್ಮೋನಿಯಮ್ಮಿನ ಒಂದು ಸ್ಥಾಯಿಯಲ್ಲಿ ಹನ್ನೆರಡು ಮನೆಗಳು. ೧೮೮೫ರಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬ ಇಂಗ್ಲಿಷ್ ವಿದ್ವಾಂಸರು ಸ್ವರಗಳ ಅಂತರವನ್ನು ಅಳೆಯಲು ಸೆಂಟ್ ಎಂಬ ಮಾನವನ್ನು ಬಳಕೆಗೆ ತಂದರು. ಅದರಂತೆ ಇಡೀ ಸ್ಥಾಯಿ ೧೨೦೦ ಸೆಂಟ್. ಸಮಪಾಲಿನ ಹಾರ್ಮೋನಿಯಮ್ಮಿನ ಮನೆಯಿಂದ ಮನೆಗೆ ೧೦೦. ಷಡ್ಜದಿಂದ ಕೋಮಲ ಗಾಂಧಾರ ೩೦೦, ಶುದ್ಧ ಗಾಂಧಾರ ೪೦೦. ಹಾಡುವವಳ ಗಾಂಧಾರ ೩೫೦ರ ಆಸುಪಾಸಿನಲ್ಲಿ ನಿಂತರೆ ಅದಕ್ಕೆ ಹಾರ್ಮೋನಿಯಮ್ಮಿನಲ್ಲಿ ಮನೆಯೇ ಇಲ್ಲ. ಆಗ ನಾವು ಮಾಡುವುದೇನು? ಮನೆಯಿಲ್ಲದ ಸ್ವರವನ್ನು ನೆರೆಮನೆಗೆ ನೂಕಿ, ಆ ಸ್ವರವೇ ತಪ್ಪೆಂದು ಹೇಳುತ್ತೇವೆ. ಅಳೆಯುವ ಕೋಲಿನ ಕೊರತೆಯನ್ನು ಅಳೆಸಿಕೊಂಡವಳ ಮೇಲೆ ಹೊರಿಸುವುದು ಎಲ್ಲಿಯ ನ್ಯಾಯ?

ಅಮೆರಿಕದ ಸಂಗೀತಶಾಸ್ತ್ರಜ್ಞ ಚಾರ್ಲ್ಸ್ ಸೀಗರ್ ೧೯೫೮ರ ಒಂದು ಲೇಖನದಲ್ಲಿ ಸ್ವರಲೇಖನವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮುಂದೆ ಹಾಡಬೇಕಾದವನಿಗೆ ಹೀಗೆ ಹಾಡು ಎಂದು ವಿಧಿಸುವುದು ಒಂದು. ಆಗಲೇ ಹಾಡಿ ಮುಗಿದುದನ್ನು ಹೀಗಿತ್ತು ಎಂದು ವರ್ಣಿಸುವುದು ಇನ್ನೊಂದು. ಮೊದಲನೆಯದು ಸಂಕ್ಷೇಪವಾಗಿದ್ದರೂ ನಡೆಯುತ್ತದೆ, ಏಕೆಂದರೆ ಸಂಪ್ರದಾಯ ಬಲ್ಲ ಹಾಡುಗಾರನು ಬರೆಯದೆ ಬಿಟ್ಟುದನ್ನು ತಾನೇ ತುಂಬಿಕೊಳ್ಳುತ್ತಾನೆ. ಭಾತಖಂಡೆಯವರ ಲಿಪಿ ನಮಗೆ ಮಾಡಿರುವ ಉಪಕಾರ ಈ ಬಗೆಯದು. ಗುರುಮುಖದಿಂದ ರಾಗ ಕಲಿತವನಿಗೆ ಅದು ಸಾಕು. ಅದೇ ಲಿಪಿಯಲ್ಲಿ ಬೀಸುವ ಹಾಡನ್ನು ಬರೆದು, ಬೀಸುವುದನ್ನೇ ಕಾಣದ ಮಗುವಿನ ಕೈಗೆ ಕೊಟ್ಟರೆ, ಬಿಟ್ಟುದನ್ನು ತುಂಬುವವರು ಯಾರು? ಸಿನಿಮಾದ ಹಾಡು ತುಂಬುತ್ತದೆ.

ಹಾಗೆಂದು ಸೂಕ್ಷ್ಮಾತಿಸೂಕ್ಷ್ಮವಾಗಿ ಬರೆದುಬಿಟ್ಟರೆ ಸತ್ಯ ಕೈಗೆ ಸಿಕ್ಕಿತೆಂದೂ ತಿಳಿಯಬಾರದು. ಹಂಗೇರಿಯ ಬೇಲಾ ಬಾರ್ಟೋಕ್ ೧೯೦೬ರಿಂದ ಫೋನೋಗ್ರಾಫ್ ಹಿಡಿದು ಹಳ್ಳಿ ಸುತ್ತಿದವರು. ೧೯೩೪ರಿಂದ ಹಂಗೇರಿಯ ವಿಜ್ಞಾನ ಅಕಾಡೆಮಿಯಲ್ಲಿ ಕುಳಿತು ತಮ್ಮ ಹಳೆಯ ಲೇಖನಗಳನ್ನು ಮುದ್ರಣಗಳೊಡನೆ ಮತ್ತೆ ಮತ್ತೆ ಹೋಲಿಸಿ ತಿದ್ದಿದರು. ಜಗತ್ತೇ ಮೆಚ್ಚಿದ ಕಿವಿ ಅವರದು, ಆದರೂ ಮೊದಲು ಬರೆದುದು ಸಾಲದೆಂದು ಒಪ್ಪಲು ಅವರು ಹಿಂಜರಿಯಲಿಲ್ಲ. ಧ್ವನಿಮುದ್ರಣವೇ ಮೂಲ, ಬರೆಹವು ಅದರ ಮೇಲಿನ ವ್ಯಾಖ್ಯಾನ ಎಂಬ ವಿವೇಕ ಆ ದುಡಿಮೆಯ ಫಲ. ನಮ್ಮ ಹಾಳೆಗಳಲ್ಲಿ ಕಾಣದಿರುವುದು ಈ ವಿವೇಕವೇ. ಹಾಳೆ ಸುತ್ತುತ್ತದೆ, ಅದರೊಡನೆ ಮೂಲದ ಧ್ವನಿ ಹೋಗುವುದಿಲ್ಲ.

೫

ಧಾಟಿ ಕೆಡುವುದಕ್ಕೆ ಮಾತಿನ ತಿದ್ದುಪಡಿಯೂ ಕಾರಣವೆಂಬುದನ್ನು ಭಾಷೆಯ ಅಧ್ಯಾಪಕರಾದ ನಾವು ಹೆಚ್ಚು ಗಮನಿಸಬೇಕು. ನಮ್ಮ ಕಡೆಯ ಹೆಣ್ಣುಮಗಳು 'ಬಂದಾಳ' ಎನ್ನುತ್ತಾಳೆ. ಪಠ್ಯಪುಸ್ತಕದ ಕನ್ನಡಕ್ಕೆ ಒಗ್ಗಿದವರು ಅದನ್ನು 'ಬಂದಿದ್ದಾಳೆ' ಎಂದು ತಿದ್ದುತ್ತಾರೆ. ಮೂರು ಅಕ್ಷರ ನಾಲ್ಕಾಯಿತು, ಐದು ಮಾತ್ರೆ ಏಳಾಯಿತು. ಆ ಹೆಚ್ಚಿನ ಅಕ್ಷರಕ್ಕೆ ಸ್ವರದಲ್ಲಿ ಜಾಗ ಬೇಕು. ಜಾಗ ಮಾಡಲು ಮುಂದಿನ ಎಳೆತವನ್ನು ಕತ್ತರಿಸಬೇಕು. ಒಂದು ಕ್ರಿಯಾಪದವನ್ನು ಶುದ್ಧಗೊಳಿಸಿದ ಪುಣ್ಯಕ್ಕೆ ಒಂದು ಧಾಟಿಯೇ ಬಲಿಯಾಗುತ್ತದೆ.

ಗಡಿನಾಡಿನಲ್ಲಿ ಇನ್ನೊಂದು ಪ್ರಲೋಭನವುಂಟು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕಡೆಯ ಹಾಡಿನಲ್ಲಿ ಮರಾಠಿ ಮಾತು, ಕಾಸರಗೋಡಿನ ಕಡೆ ತುಳು ಮಲೆಯಾಳಗಳು, ಮಡಕಶಿರಾ ರಾಯದುರ್ಗಗಳ ಕಡೆ ತೆಲುಗು ಸಹಜವಾಗಿ ಬೆರೆತಿರುತ್ತವೆ. ಕನ್ನಡದ ಅಭಿಮಾನದಿಂದ ನಾವು ಅವನ್ನು ಹೆಕ್ಕಿ ತೆಗೆದು ಅಚ್ಚ ಕನ್ನಡದ ಮಾತು ಹಾಕುತ್ತೇವೆ. ಈ ಅಭಿಮಾನ ನನಗೂ ಇದೆ. ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗುತ್ತಿರುವುದನ್ನು ಕಂಡವನು ನಾನು. ಆದರೆ ಹಾಡಿದವಳು ತನ್ನ ಬಾಳಿನಲ್ಲಿ ಎರಡು ಭಾಷೆಗಳನ್ನು ಹೇಗೆ ಹೊಂದಿಸಿಕೊಂಡಳೆಂಬುದಕ್ಕೆ ಆ ಹಾಡೇ ಸಾಕ್ಷಿ. ಸಾಕ್ಷಿಯ ಮಾತನ್ನು ನಮಗೆ ಬೇಕಾದಂತೆ ತಿದ್ದಿದ ಮೇಲೆ ಅದು ನಮ್ಮ ಪರವಾಗಿಯೂ ನಿಲ್ಲಲಾರದು. ಗಡಿಯಲ್ಲಿ ಕನ್ನಡ ಹೀಗೆ ಬಾಳಿತ್ತು ಎಂದು ನಾಳೆ ಯಾರಾದರೂ ಸಿದ್ಧಪಡಿಸಬೇಕಾದರೆ, ತಿದ್ದದ ಹಾಡು ಮಾತ್ರವೇ ಕೆಲಸಕ್ಕೆ ಬರುವುದು.

೬

ಈಗ ಹಂಚಿಕೆಯ ಮಾತು. ಭಾತಖಂಡೆ ಲಿಪಿಯಲ್ಲಿ ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಗೆರೆ. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಕೈಬರೆಹದಲ್ಲಿ ಇದು ಸರಿ. ಅದನ್ನೇ ಮೊಬೈಲಿನಲ್ಲಿ ಬೆರಳಚ್ಚಿಸಿ ಕಳುಹಿಸುವಾಗ ಅಕ್ಷರ ಉಳಿಯುತ್ತದೆ, ಗೆರೆ ಚುಕ್ಕೆಗಳು ಉದುರಿಹೋಗುತ್ತವೆ. ಕೋಮಲ ಗಾಂಧಾರ ಶುದ್ಧವಾಯಿತು. ಮಂದ್ರದ ನಿಷಾದ ಮಧ್ಯಕ್ಕೆ ಹಾರಿತು. ಪಡೆದವನಿಗೆ ಯಾವುದು ಉದುರಿತೆಂದು ತಿಳಿಯದು. ಇರುವುದನ್ನೇ ನಂಬಿ ಕಲಿಸುತ್ತಾನೆ. ಕರ್ನಾಟಕ ಪದ್ಧತಿಯವರು ಸ್ವರದ ಪಕ್ಕದಲ್ಲಿ ಅಂಕೆಯನ್ನು ಬರೆಯುವ ರೂಢಿ ಈ ವಿಷಯದಲ್ಲಿ ಹೆಚ್ಚು ಗಟ್ಟಿ, ಅಂಕೆ ಉದುರುವುದಿಲ್ಲ.

ಧ್ವನಿಮುದ್ರಣಕ್ಕೂ ತನ್ನದೇ ಆದ ಅಪಾಯವಿದೆ. ಇಂದಿನ ಹಲವು ಉಪಕರಣಗಳು ಹಿನ್ನೆಲೆಯ ಒಂದೇ ಸಮನಾದ ಸದ್ದನ್ನು ಗದ್ದಲವೆಂದು ಎಣಿಸಿ ತಾವಾಗಿಯೇ ಅಡಗಿಸುತ್ತವೆ. ಬೀಸುವ ಹಾಡಿನಲ್ಲಿ ಆ ಸಮನಾದ ಸದ್ದು ಎಂದರೆ ಕಲ್ಲಿನ ಸದ್ದೇ. ಹಾಡಿನ ಶ್ರುತಿಯೂ ತಾಲವೂ ಆಗಿರುವುದನ್ನು ಯಂತ್ರವು ಕಸವೆಂದು ಗುಡಿಸಿಹಾಕುತ್ತದೆ. ಇನ್ನು ೧೯೯೭ರಲ್ಲಿ ಪೇಟೆಗೆ ಬಂದ ಆಟೋ-ಟ್ಯೂನ್ ಮಾದರಿಯ ಸಾಧನಗಳಿಂದ ಸ್ವರ ತಿದ್ದಿದರಂತೂ ೩೫೦ ಸೆಂಟಿನ ಗಾಂಧಾರದ ಕುರುಹೂ ಉಳಿಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. 'ಜನಪದ ಗೀತೆಯ ಸ್ವಭಾವವೇ ಬದಲಾಗುವುದು. ಊರಿಗೊಂದು ಧಾಟಿ, ಬಾಯಿಗೊಂದು ಪಾಠ. ಹೀಗಿರುವಲ್ಲಿ ನಿಖರತೆಯ ಹಟವೇಕೆ? ನಿಮ್ಮ ದಾದರಾ ಕೂಡ ಮತ್ತೊಂದು ಪಾಠಾಂತರವಲ್ಲವೆ?' ಮೇಲುನೋಟಕ್ಕೆ ಈ ವಾದ ಬಲವಾಗಿಯೇ ಕಾಣುತ್ತದೆ. ನಾನೂ ಕೆಲವು ದಿನ ಇದರ ಆಶ್ರಯದಲ್ಲಿ ಸಮಾಧಾನ ಪಟ್ಟುಕೊಂಡಿದ್ದೆ.

ಆದರೆ ಎರಡು ಬದಲಾವಣೆಗಳಿಗೂ ಅಂತರವುಂಟು. 'ನಮ್ಮವ್ವ ಹಿಂಗ ಅಂತಿದ್ಲು, ನಾ ಹಿಂಗ ಅಂತೀನಿ' ಎಂದು ಆಯಿಯೇ ಒಮ್ಮೆ ಎರಡು ಬಗೆಯಲ್ಲಿ ಹಾಡಿ ತೋರಿಸಿದರು. ತಾಯಿಯದು ಯಾವುದು ತನ್ನದು ಯಾವುದು ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅವರ ಬದಲಾವಣೆಯನ್ನು ಎದುರಿಗೆ ಕುಳಿತು ಬೀಸುವವಳು ಕೇಳುತ್ತಿದ್ದಳು. ಒಪ್ಪಿದರೆ ದನಿಗೂಡಿಸುತ್ತಿದ್ದಳು, ಒಪ್ಪದಿದ್ದರೆ ಸುಮ್ಮನಾಗುತ್ತಿದ್ದಳು. ಕಲ್ಲು ತಿರುಗದ ಬದಲಾವಣೆ ಅಲ್ಲಿಯೇ ಬಿದ್ದುಹೋಗುತ್ತಿತ್ತು. ನನ್ನ ಬದಲಾವಣೆಗೆ ಇಂಥ ಪರೀಕ್ಷೆಯೇ ನಡೆಯಲಿಲ್ಲ. ಅದು ಅಜ್ಞಾನದಿಂದ ಹುಟ್ಟಿ, 'ಸಾಂಪ್ರದಾಯಿಕ ಧಾಟಿ' ಎಂಬ ಹೆಸರು ಹೊತ್ತು, ಒಂದೇ ರೂಪದಲ್ಲಿ ನೂರಾರು ಕೈಗಳಿಗೆ ಹೋಯಿತು. ಪಾಠಾಂತರವು ಇತರ ಪಾಠಗಳ ಜೊತೆಯಲ್ಲಿ ಬಾಳುತ್ತದೆ. ಬರೆದು ಹಂಚಿದ ತಪ್ಪು ಇತರ ಪಾಠಗಳನ್ನು ಹೊರಗೆ ನೂಕುತ್ತದೆ. ನಮ್ಮ ಹುಡುಗಿಯರು ಇಂದು ಆಯಿಯ ಧಾಟಿಯನ್ನು ಕೇಳಿ 'ಆಯಿ ತಪ್ಪು ಹಾಡತಾಳ' ಎನ್ನುತ್ತಾರೆ. ನಾನು ಮಾಡಿದ ಹಾನಿಯ ಅಳತೆ ಇದೇ.

ಆದುದರಿಂದ ಹೊಸ ಧಾಟಿ ಕಟ್ಟಬಾರದೆಂದು ನನ್ನ ವಾದವಲ್ಲ. ಕಟ್ಟಲಿ, 'ಇದು ನಾನು ಕಟ್ಟಿದ್ದು' ಎಂದು ಹೇಳಲಿ. ನಿಖರತೆಯೆಂದರೆ ಸ್ವರದ ಕೊನೆಯ ಸೆಂಟನ್ನು ಹಿಡಿಯುವುದಲ್ಲ. ಹಾಡಿದವಳದು ಎಷ್ಟು, ಬರೆದವನದು ಎಷ್ಟು ಎಂಬ ಗೆರೆಯನ್ನು ಅಳಿಸದಿರುವುದು.

೭

ಈ ಗೆರೆಯನ್ನು ಕಾಪಾಡಿದವರ ನಿದರ್ಶನಗಳು ನಮ್ಮ ಹತ್ತಿರದಲ್ಲಿಯೇ ಇವೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ೧೯೯೦ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೇಲಿ ಹೊಂಕೊ ಅವರೂ ನಮ್ಮವರಾದ ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಅವರೂ ಕೂಡಿ ಮುದ್ರಿಸಿಕೊಂಡರು. ೧೯೯೮ರಲ್ಲಿ ಅಚ್ಚಾದ ಪಾಠದಲ್ಲಿ ೧೫,೬೮೩ ಸಾಲುಗಳಿವೆ. ಅದೇ ಗಾಯಕರು ಹಿಂದೆ ಹೇಳಿ ಬರೆಸಿದ್ದ ಪಾಠ ಇದಕ್ಕಿಂತ ಬಹಳ ಚಿಕ್ಕದು. ಸಂಪಾದಕರು ಎರಡನ್ನೂ ಬೆರಸಿ ಒಂದು 'ಶುದ್ಧ ಪಾಠ' ತಯಾರಿಸಲಿಲ್ಲ. ಇದು ಇಂಥ ಗಾಯಕ ಇಂಥ ಸಂದರ್ಭದಲ್ಲಿ ಹಾಡಿದ್ದು ಎಂದು ನಿಲ್ಲಿಸಿದರು. ಹಾಡುವುದಕ್ಕೂ ಹೇಳಿ ಬರೆಸುವುದಕ್ಕೂ ಇರುವ ಅಂತರವೇ ಅವರ ಅಧ್ಯಯನಕ್ಕೆ ವಸ್ತುವಾಯಿತು.

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ೧೯೩೮ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಭಾಗಗಳಲ್ಲಿ ಸುತ್ತಿ ಹಾಡು ಕುಣಿತಗಳನ್ನು ಮುದ್ರಿಸಿಕೊಂಡಿದ್ದರು. ೧೯೮೪ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಆ ಮುದ್ರಣಗಳನ್ನು ಹೊತ್ತು ಅದೇ ಪ್ರದೇಶಗಳಿಗೆ ಹಿಂದಿರುಗಿ, ಏನು ಉಳಿದಿದೆ ಏನು ಬದಲಾಗಿದೆ ಎಂದು ಪರಿಶೀಲಿಸಿದರು. ನಲವತ್ತಾರು ವರ್ಷಗಳ ಮೇಲೆ ಇದು ಸಾಧ್ಯವಾದುದು ಎಲ್ಲಿ, ಯಾವಾಗ ಎಂಬ ಟಿಪ್ಪಣಿ ಮುದ್ರಣದ ಜೊತೆಗೆ ಉಳಿದಿದ್ದುದರಿಂದ.

ನಮ್ಮ ನೆರೆಯ ಮರಾಠಿಯಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವ್ಯಾಂ ಅವರು ಆರಂಭಿಸಿದ ಬೀಸುವ ಹಾಡುಗಳ ಸಂಗ್ರಹ ಇನ್ನೂ ಹತ್ತಿರದ ಮಾದರಿ. ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳು ಅಲ್ಲಿ ಸೇರಿವೆ. ಬರ್ನಾರ್ಡ್ ಬೆಲ್ ಅವರ ನೆರವಿನಿಂದ ಹಲವು ಸಾವಿರ ಓವಿಗಳ ಧ್ವನಿಮುದ್ರಣವೂ ಆಯಿತು. ೨೦೧೭ರಿಂದ 'ಪರಿ' ಎಂಬ ಗ್ರಾಮೀಣ ಭಾರತದ ಜಾಲತಾಣದಲ್ಲಿ ಅವು ಪ್ರಕಟವಾಗುತ್ತ ಬಂದಿವೆ. ಅಲ್ಲಿ ಓವಿಯ ಜೊತೆಗೆ ಹಾಡಿದವಳ ಹೆಸರಿದೆ, ಊರಿದೆ, ದನಿಯಿದೆ. ಭೀಮೆಯ ಎರಡೂ ದಡದ ಕನ್ನಡ ತ್ರಿಪದಿಗೆ ಇಂಥದೊಂದು ಮನೆ ಏಕಿರಬಾರದು?

ಪಾಶ್ಚಾತ್ಯರ ಒಂದು ಸಣ್ಣ ಏರ್ಪಾಡನ್ನೂ ಇಲ್ಲಿ ನೆನೆಯಬಹುದು. ೧೯೯೦ರ ದಶಕದಲ್ಲಿ ಕ್ರಿಸ್ ವಾಲ್ಷಾ ಎಂಬವರು ಜನಪದ ಧಾಟಿಗಳನ್ನು ಸಾಮಾನ್ಯ ಅಕ್ಷರಗಳಲ್ಲಿಯೇ ಬೆರಳಚ್ಚಿಸಿ ಕಳುಹಿಸಲು ಎ.ಬಿ.ಸಿ. ಎಂಬ ಲಿಪಿಯೊಂದನ್ನು ರೂಪಿಸಿದರು. ಅದರಲ್ಲಿ ಧಾಟಿಯ ತಲೆಯ ಮೇಲೆ ಹುಟ್ಟಿದ ಪ್ರದೇಶಕ್ಕೆ, ದೊರೆತ ಮೂಲಕ್ಕೆ, ಬರೆದುಕೊಂಡವನಿಗೆ ಬೇರೆಬೇರೆ ಸಾಲುಗಳು ಮೀಸಲು. ಬರೆದವನೇ ಮೂಲವಾಗಿ ಕಾಣಿಸಿಕೊಳ್ಳದಂತೆ ಲಿಪಿಯಲ್ಲಿಯೇ ಜಾಗ ಮಾಡಿರುವುದು ಮೆಚ್ಚತಕ್ಕ ಮಾತು.

೮

ಇಷ್ಟರಿಂದ ನಮ್ಮಂಥ ಶಾಲಾಮಾಸ್ತರರು ಆಚರಣೆಗೆ ತರಬಹುದಾದುದು ಏನು? ದೊಡ್ಡ ಯಂತ್ರವೂ ಬೇಡ, ಅನುದಾನವೂ ಬೇಡ.

ಮೊದಲನೆಯದಾಗಿ, ಸ್ವರದ ಹಾಳೆ ಎಂದೂ ಒಂಟಿಯಾಗಿ ಹೋಗಕೂಡದು. ಮೂಲದ ದನಿ ಅದರ ಜೊತೆಗೆ ಹೋಗಬೇಕು. ಎರಡನೆಯದಾಗಿ, ಮುದ್ರಣದ ಮೊದಲಿಗೆ ಹಾಡುವವರ ಹೆಸರು, ಊರು, ದಿನ, ಯಾರಿಂದ ಕಲಿತರು, ಕೆಲಸದಲ್ಲಿ ತೊಡಗಿ ಹಾಡಿದರೆ ಸುಮ್ಮನೆ ಕುಳಿತು ಹಾಡಿದರೆ ಎಂಬುದನ್ನು ಬಾಯಿಬಿಟ್ಟು ಹೇಳಿಸಬೇಕು. ಕಡತದ ಹೆಸರು ಬದಲಾದರೂ ಬಾಯ ಮಾತು ಅಳಿಯದು. ಹೆಸರು ಹಾಕಲೂ ಹಂಚಲೂ ಅವರ ಒಪ್ಪಿಗೆ ಕೇಳಬೇಕು. ಇದು ಬರಿಯ ಸೌಜನ್ಯವಲ್ಲ. ೧೯೫೭ರ ಗ್ರಂಥಸ್ವಾಮ್ಯ ಕಾಯಿದೆಗೆ ೧೯೯೪ರಲ್ಲಿ ಬಂದ ತಿದ್ದುಪಡಿ ಹಾಡುವವರಿಗೆ ಪ್ರದರ್ಶಕರ ಹಕ್ಕನ್ನು ಕೊಟ್ಟಿದೆ. ಮೂರನೆಯದಾಗಿ, ಗದ್ದಲ ಅಡಗಿಸುವ ಏರ್ಪಾಡನ್ನು ಮುಚ್ಚಿಟ್ಟು ಮುದ್ರಿಸಬೇಕು. ನಾಲ್ಕನೆಯದಾಗಿ, ಸ್ವರ ಬರೆಯುವಾಗ ಮರಳಿ ಹಾಡಿದುದನ್ನು ಮರಳಿ ಬರೆಯಬೇಕು, ನಿಲುಗಡೆಯನ್ನು ನಿಲುಗಡೆಯೆಂದೇ ಗುರುತಿಸಬೇಕು, ಹಾರ್ಮೋನಿಯಮ್ಮಿಗೆ ಸಿಗದ ಸ್ವರವನ್ನು ಸಿಗದೆಂದೇ ಬರೆಯಬೇಕು. ಐದನೆಯದಾಗಿ, ತಿದ್ದಿದ್ದರೆ ತಿದ್ದಿದೆನೆಂದು ಒಂದು ಸಾಲು ಸೇರಿಸಬೇಕು. ಕಡೆಯದಾಗಿ, ಹೊರಗೆ ಕಳುಹಿಸುವ ಮುನ್ನ ಬರೆದುದನ್ನು ಹಾಡಿದವರ ಮುಂದೆಯೇ ಹಾಡಿ ತೋರಿಸಬೇಕು. ಈ ಕಡೆಯದೊಂದನ್ನು ನಾನು ಪಾಲಿಸಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಆ ನಾಡಹಬ್ಬದ ಮರುವಾರ ನಾನು ಮತ್ತೆ ಆಯಿಯ ಮನೆಗೆ ಹೋದೆ. ಮದುವೆಯಲ್ಲಿ ಪೂಜೆಗೆಂದು ಮಾತ್ರ ಹೊರಬರುತ್ತಿದ್ದ ಕಲ್ಲನ್ನು ಅವರ ಮೊಮ್ಮಗ ಹಿತ್ತಲಿಂದ ಪಡಸಾಲೆಗೆ ಉರುಳಿಸಿ ತಂದ. ಸೊಸೆ ಎದುರಿಗೆ ಕುಳಿತಳು. ಗೂಟಕ್ಕೆ ಕೈ ಹಚ್ಚಿದೊಡನೆ ಆಯಿಯ ದನಿ ಜಗಲಿಯ ಮೇಲಿದ್ದುದಕ್ಕಿಂತ ಒಂದು ಸ್ವರ ಕೆಳಗಿಳಿದು, ನಡೆ ನಿಧಾನವಾಗಿ, ಹಾಡು ಬೇರೆಯೇ ಆಯಿತು. ಮುಕ್ಕು ಹಾಕುವಲ್ಲಿ ಧಾಟಿ ತೂಗಿ ನಿಂತು, ಕಾಳು ಕಲ್ಲಿಗೆ ಸಿಕ್ಕ ಮೇಲೆ ಮುಂದೆ ಹರಿಯಿತು. ಅದನ್ನು ಕಲ್ಲಿನ ಸದ್ದಿನ ಸಮೇತ ಮುದ್ರಿಸಿದೆ. ನನ್ನ ಹಳೆಯ ಹಾಳೆ ಪಡೆದಿದ್ದವರಲ್ಲಿ ನೆನಪಿಗೆ ಬಂದವರಿಗೆಲ್ಲ, 'ಹಿಂದೆ ಕಳುಹಿಸಿದ ಧಾಟಿ ನನ್ನ ತಿದ್ದುಪಡಿ. ಇದು ಹಾಡಿದವರದು' ಎಂದು ಬರೆದು ಇದನ್ನು ಕಳುಹಿಸಿದೆ. ಎಲ್ಲರಿಗೂ ತಲುಪಿರಲಾರದು. ಮೊದಲಿನ ಹಾಳೆ ಯಾರ ಯಾರ ಕೈಗೆ ಹೋಗಿದೆಯೋ ನಾನರಿಯೆ; ಈಚೆಗೆ ಒಂದು ಸ್ಪರ್ಧೆಯಲ್ಲಿ ನನ್ನ ದಾದರಾವನ್ನೇ ಒಬ್ಬ ಬಾಲಕಿ ಹಾಡಿ ಬಹುಮಾನ ಪಡೆದಳು. ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಆಕೆಗೆ ಬಹುಮಾನವನ್ನು ಕೊಟ್ಟು, ಬಳಿಕ ಬದಿಗೆ ಕರೆದು ಆಯಿಯ ಹಾಡನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ ಆ ಮಗು ಕೇಳಿದ ಮೊದಲ ಪ್ರಶ್ನೆ 'ಆ ಗರಗರ ಸಪ್ಪಳ ಏನ್ರೀ ಸರ್?' ಎಂಬುದು. ಅದಕ್ಕೆ ಉತ್ತರ ಹೇಳುವುದರಿಂದಲೇ ಪಾಠವನ್ನು ಆರಂಭಿಸಿದೆ.